ಕಾಶಾನ್‌ನಲ್ಲಿ ಗಂಟು ಕಲಿತದ್ದು

ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲಿ ಮಗ್ಗ ಅಂದರೆ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂರುವುದು, ಕಾಲಿನಿಂದ ತುಳಿಯುವುದು, ಕೈಯಿಂದ ಲಾಳಿ ಓಡಿಸುವುದು. ಹಾಸು ಅಂದರೆ ಉದ್ದಕ್ಕೆ ಬಿಗಿದ ಎಳೆ, ಹೊಕ್ಕು ಅಂದರೆ ಅಡ್ಡ ಹಾಯುವ ಎಳೆ, ಕಂಡಿಕೆ ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ, ಎಲ್ಲ ಅಕ್ಷರಕ್ಕಿಂತ ಮೊದಲೇ ಕಿವಿಗೆ ಬಿದ್ದ ಮಾತುಗಳು. ಲಾಳಿ ಇಲ್ಲದ ನೇಯ್ಗೆಯೂ ಇದೆ ಅಂತ ತಿಳಿದದ್ದು ವಿಜಯಪುರದಲ್ಲಿ. ಗೋಲ್ ಗುಮ್ಮಟದ ಎದುರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ರತ್ನಗಂಬಳಿಗಳನ್ನು ಇಟ್ಟಿದ್ದಾರೆ. ಅಪ್ಪ ಅವುಗಳ ಮುಂದೆ ಬಹಳ ಹೊತ್ತು ನಿಂತರು. "ಇದು ಲಾಳಿ ಹೊಡದು ನೇಯ್ದದ್ದಲ್ಲವ್ವಾ, ಒಂದೊಂದ ಗಂಟು ಹಾಕ್ಯಾರ" ಅಂದರು. ಸೀರೆ ನೇಯುವ ಕೈಗೆ ಅದು ನಂಬಲಾಗದ ಕೆಲಸ. ಅವರ ಮುಖದಲ್ಲಿ ಅದು ಕಾಣುತ್ತಿತ್ತು.

ಆ ಗಂಟು ಹಾಕುವುದು ಹೇಗೆ ಅಂತ ಕಲಿಯುವ ಆಸೆ ನನ್ನಲ್ಲಿ ಬಹಳ ವರ್ಷ ಉಳಿದಿತ್ತು. ಕಡೆಗೆ ಅದಕ್ಕಾಗಿಯೇ ಇರಾನಿಗೆ ಹೋದೆ.

ಅಲ್ಲಿ ರತ್ನಗಂಬಳಿಗೆ ಹೆಸರಾದ ಊರುಗಳು ಒಂದೆರಡಲ್ಲ. ತಬ್ರೀಜ್, ಇಸ್ಫಹಾನ್, ನಾಯಿನ್, ಕುಮ್, ಕೆರ್ಮಾನ್. ಒಂದೊಂದು ಊರಿನ ಕೈ ಒಂದೊಂದು ಥರ. ನಾನು ಕಾಶಾನ್ ಆರಿಸಿಕೊಂಡೆ. ಟೆಹರಾನಿನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಕೆಲವು ಗಂಟೆಯ ದಾರಿ, ಮರುಭೂಮಿಯ ಅಂಚಿನ ಊರು. 2010ರಲ್ಲಿ ಯುನೆಸ್ಕೊ ಕಾಶಾನ್ ಮತ್ತು ಫಾರ್ಸ್ ಎರಡೂ ಕಡೆಯ ಗಂಬಳಿ ನೇಯ್ಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಅದು ಹೇಳಿದ ಪ್ರಕಾರ ಕಾಶಾನ್‌ನಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಗಂಬಳಿ ಕೆಲಸದವರು. ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹೆಂಗಸರು. ನೇಯ್ಗೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಹೋಗುತ್ತದೆ. ನಕ್ಷೆ ಬರೆಯುವುದು, ಬಣ್ಣ ಹಾಕುವುದು, ಕತ್ತರಿಸಿ ಮಟ್ಟ ಮಾಡುವುದು ಗಂಡಸರ ಪಾಲಿನ ಕೆಲಸ. ನನಗೆ ಬೇಕಾದದ್ದು ಹೆಂಗಸರ ಮನೆಯ ಮಗ್ಗ. ನಾನು ಉಳಿದುಕೊಂಡಿದ್ದ ಹಳೆಯ ಮನೆಯ ಯಜಮಾನರು ವಿಚಾರಿಸಿ ಒಬ್ಬರನ್ನು ಗೊತ್ತುಮಾಡಿಕೊಟ್ಟರು. ಅರವತ್ತು ದಾಟಿದ ಹೆಂಗಸು. ನಾನು ಅವರನ್ನು ಖಾನುಮ್ ಅಂತ ಕರೆಯುತ್ತಿದ್ದೆ, ಅವರು ನನ್ನನ್ನು ದೊಖ್ತರಮ್, ಅಂದರೆ ಮಗಳೇ ಅನ್ನುತ್ತಿದ್ದರು. ಅವರ ತಂಗಿಯ ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಮಾತು ತಿಳಿಯದ ಕಡೆ ಅವಳು ನೆರವಾದಳು. ಮಗ್ಗದ ಮುಂದೆ ಕೂತ ಮೇಲೆ ಅವಳ ನೆರವು ಅಷ್ಟಾಗಿ ಬೇಕಾಗಲಿಲ್ಲ. ಹಾಸು ಅಂದರೇನು, ಹೊಕ್ಕು ಅಂದರೇನು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲವಲ್ಲ.

ಖಾನುಮ್ ಅವರ ಮಗ್ಗ ಒಳಕೋಣೆಯಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಕೆಳಗೊಂದು ತೊಲೆ, ಮೇಲೊಂದು ತೊಲೆ, ನಡುವೆ ಹತ್ತಿಯ ಹಾಸು. ಅವರು ಹಲಗೆಯ ಮೇಲೆ ಕೂತು ನೇಯುತ್ತಾರೆ. ನೇಯ್ದದ್ದು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಕೆಲಸ ಮಾಡುತ್ತಿರುವವರ ಮನೆಗೆ ಹೋದಾಗ "ಖಸ್ತೆ ನಬಾಷೀದ್" ಅನ್ನುವುದು ಅಲ್ಲಿಯ ರೂಢಿ. ದಣಿವಾಗದಿರಲಿ ಅಂತ ಹಾರೈಕೆ. ನಾನು ಪ್ರತಿ ಬೆಳಿಗ್ಗೆ ಹಾಗೆ ಹೇಳಿಯೇ ಒಳಗೆ ಹೋಗುತ್ತಿದ್ದೆ. ಮೊದಲು ಚಹಾ. ಸಕ್ಕರೆಯ ಗಟ್ಟಿಯನ್ನು ಹಲ್ಲಿನಲ್ಲಿ ಹಿಡಿದು ಸಕ್ಕರೆ ಇಲ್ಲದ ಚಹಾ ಕುಡಿಯುತ್ತಾರೆ. ಆಮೇಲೆ ಮಗ್ಗ.

ದೊಡ್ಡ ಮಗ್ಗದಲ್ಲಿ ವ್ಯಾಪಾರಿಯೊಬ್ಬರಿಗಾಗಿ 2 ಮೀಟರ್ ಅಗಲ, 3 ಮೀಟರ್ ಉದ್ದದ ಗಂಬಳಿ ನಡೆಯುತ್ತಿತ್ತು. ನನಗೆ ಪಕ್ಕದಲ್ಲೇ ಒಂದು ಸಣ್ಣ ಚೌಕಟ್ಟು ಹಾಕಿಸಿಕೊಟ್ಟರು. ಹಾಸು ಹಾಕಲು ಬೇರೆಯವರೇ ಬರುತ್ತಾರೆ. ಅದೊಂದು ಪ್ರತ್ಯೇಕ ಕಸುಬು, ಅದನ್ನು ಮಾಡುವವರನ್ನು ಚೆಲ್ಲೆಕಶ್ ಅನ್ನುತ್ತಾರೆ. ಎಳೆಗಳ ಬಿಗಿ ಒಂದೇ ಸಮ ಇರಬೇಕು. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಆದರೆ ಮಗ್ಗದಿಂದ ಇಳಿದ ಮೇಲೆ ಗಂಬಳಿ ಸೊಟ್ಟಗಾಗುತ್ತದೆ. ಇಳಕಲ್ಲಿನಲ್ಲೂ ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಕೂಡಿಸುವವರಿಗೆ ಇದೇ ಚಿಂತೆ. ಚೆಲ್ಲೆಕಶ್ ಬಂದವರು ಎಳೆಗಳ ಮೇಲೆ ಬೆರಳು ಆಡಿಸಿ ಸದ್ದು ಕೇಳಿದರು. ಎಲ್ಲ ಎಳೆಯ ಸದ್ದೂ ಒಂದೇ ಆದಾಗ ಎದ್ದು ಹೋದರು.

ಶುರುವಿನಲ್ಲಿ ಗಂಟು ಇಲ್ಲ. ಹತ್ತಿ ನೂಲಿನಿಂದ ಒಂದೆರಡು ಬೆರಳಗಲ ಸಾದಾ ನೇಯ್ಗೆ. ಗಂಟುಗಳು ಕೆಳಗಿನಿಂದ ಜಾರಿಹೋಗದಂತೆ ತಡೆಯುವ ಕಟ್ಟೆ ಅದು. ನವಲಗುಂದದ ಜಮಖಾನ ನೋಡಿದವರಿಗೆ ಈ ನೇಯ್ಗೆ ಹೊಸದಲ್ಲ. ಅಲ್ಲಿಯೂ ನಿಂತ ಮಗ್ಗ, ಅಲ್ಲಿಯೂ ನೇಯುವವರು ಹೆಂಗಸರು. ಆದರೆ ಜಮಖಾನದಲ್ಲಿ ಬಣ್ಣ ಇರುವುದು ಹೊಕ್ಕಿನಲ್ಲಿ. ರತ್ನಗಂಬಳಿಯಲ್ಲಿ ಹಾಸು, ಹೊಕ್ಕು ಎರಡೂ ಒಳಗೆ ಅಡಗಿರುತ್ತವೆ. ಮೇಲೆ ಕಾಣುವುದೆಲ್ಲ ಗಂಟಿನ ತುದಿ.

ಇನ್ನು ಗಂಟು. ಅಕ್ಕಪಕ್ಕದ ಎರಡು ಹಾಸಿನ ಎಳೆ ಹಿಡಿಯಬೇಕು. ಉಣ್ಣೆಯ ನೂಲು ಒಂದು ಎಳೆಯನ್ನು ಪೂರ್ತಿ ಸುತ್ತುತ್ತದೆ. ಇನ್ನೊಂದು ಎಳೆಯ ಹಿಂದೆ ಸುಮ್ನೆ ಹಾದು ಮುಂದೆ ಬರುತ್ತದೆ. ಎರಡು ತುದಿಯನ್ನೂ ಕೆಳಗೆ ಎಳೆದು ಚಾಕುವಿನಿಂದ ಕತ್ತರಿಸಿದರೆ ಒಂದು ಗಂಟು ಆಯಿತು. ಇದು ಫಾರ್ಸಿ ಗಂಟು. ತಬ್ರೀಜ್ ಕಡೆಯದು ತುರ್ಕಿ ಗಂಟು. ಅದರಲ್ಲಿ ನೂಲು ಎರಡು ಎಳೆಯನ್ನೂ ಸುತ್ತಿ, ಎರಡು ತುದಿಯೂ ನಡುವಿನಿಂದ ಹೊರಗೆ ಬರುತ್ತದೆ. ತಬ್ರೀಜಿನವರು ತುದಿಯಲ್ಲಿ ಕೊಕ್ಕೆ ಇರುವ ಚಾಕು ಬಳಸುತ್ತಾರೆ, ಅದರಿಂದ ಕೈ ಬಹಳ ಚುರುಕು. ಕಾಶಾನ್‌ನಲ್ಲಿ ಬೆರಳೇ ಕೊಕ್ಕೆ. ಖಾನುಮ್ ಅವರ ಕೈ ನೋಡಿದಾಗ ನನಗೆ ನಮ್ಮೂರ ದೇವಸ್ಥಾನದ ಮುಂದೆ ಹೂ ಕಟ್ಟುವವರು ನೆನಪಾದರು. ಅವರೂ ಬೆರಳ ಕಡೆ ನೋಡುವುದಿಲ್ಲ, ಮಾತಾಡುತ್ತಲೇ ಇರುತ್ತಾರೆ, ಮಾಲೆ ಉದ್ದವಾಗುತ್ತಲೇ ಇರುತ್ತದೆ.

ನನ್ನ ಕೈಗೆ ಅದು ಒಲಿಯಲು ಸಮಯ ಹಿಡಿಯಿತು. ಗಂಟು ಹಾಕುವುದು ಕಷ್ಟವಲ್ಲ, ಹತ್ತು ನಿಮಿಷದಲ್ಲಿ ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಎಲ್ಲ ಗಂಟನ್ನೂ ಒಂದೇ ಬಿಗಿಯಲ್ಲಿ ಎಳೆಯುವುದರಲ್ಲಿ. ಬಿಗಿ ಹೆಚ್ಚಾದರೆ ಸಾಲು ಕುಗ್ಗುತ್ತದೆ, ಕಡಿಮೆಯಾದರೆ ಹಿಗ್ಗುತ್ತದೆ. ಬೆಳಗಿನ ಕೈ, ಸಂಜೆಯ ದಣಿದ ಕೈ, ಎರಡರ ಸಾಲೂ ಒಂದೇ ಥರ ಕಾಣಬೇಕು. ಇದು ತಲೆಯಿಂದ ಆಗುವ ಕೆಲಸವಲ್ಲ. ಬೆರಳ ತುದಿ ಒರಟಾಗಿ, ಚರ್ಮ ದಪ್ಪವಾದ ಮೇಲೆ ನಿಧಾನಕ್ಕೆ ಬರುತ್ತದೆ.

ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕು. ಕಾಶಾನ್‌ನಲ್ಲಿ ಎರಡು ಹೊಕ್ಕು. ಮೊದಲನೆಯದು ದಪ್ಪ, ಅದನ್ನು ನೇರವಾಗಿ ಬಿಗಿದು ಎಳೆಯುತ್ತಾರೆ. ಎಳೆದಾಗ ಹಾಸಿನ ಎಳೆಗಳು ಒಂದು ಹಿಂದೆ, ಒಂದು ಮುಂದೆ ಸರಿದು ಎರಡು ಪದರ ಆಗುತ್ತವೆ. ಅಷ್ಟೇ ಅಗಲದಲ್ಲಿ ಹೆಚ್ಚು ಗಂಟು ಹಿಡಿಸುವುದು ಇದರಿಂದಲೇ. ಗಂಬಳಿಯ ಮೈ ಗಟ್ಟಿಯಾಗುವುದೂ ಇದರಿಂದಲೇ. ಎರಡನೆಯದು ತೆಳು. ಅದು ಹಾವಿನಂತೆ ಹಾಸಿನ ಹಿಂದೆ ಮುಂದೆ ಹರಿಯುತ್ತದೆ. ಎರಡಕ್ಕೂ ಮೇಲಿನಿಂದ ಹಣಿಗೆಯ ಏಟು. ಕಬ್ಬಿಣದ ಹಲ್ಲುಗಳ ಭಾರದ ಹಣಿಗೆ ಅದು, ಇಡೀ ತೋಳು ಸೋಲುತ್ತದೆ. ಆ ಬೀದಿಯಲ್ಲಿ ನಡೆದು ಹೋಗುವಾಗ ಯಾರ ಮನೆಯಲ್ಲಿ ಮಗ್ಗ ಇದೆ ಅಂತ ಈ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಕೊನೆಗೆ ಉದ್ದ ಉಳಿದ ಉಣ್ಣೆಯ ತುದಿಗಳನ್ನು ಕತ್ತರಿಯಿಂದ ಸವರುವುದು. ಆಮೇಲೆ ಮುಂದಿನ ಸಾಲು.

ಕಣ್ಣ ಮುಂದೆ ನಕ್ಷೆ ಇರುತ್ತದೆ. ಚೌಕುಳಿ ಕಾಗದ, ಒಂದು ಚೌಕಕ್ಕೆ ಒಂದು ಗಂಟು, ಚೌಕದಲ್ಲಿ ಬಣ್ಣ. ಎಷ್ಟೋ ಗಂಬಳಿಗಳಿಗೆ ಪೂರ್ತಿ ನಕ್ಷೆ ಇರುವುದೇ ಇಲ್ಲ. ನಡುವೆ ತೊರಂಜ್ ಅನ್ನುವ ದೊಡ್ಡ ಪದಕ, ನಾಲ್ಕು ಮೂಲೆಯಲ್ಲಿ ಅದರ ಕಾಲು ಭಾಗ, ಸುತ್ತ ಅಂಚು ಇರುವ ವಿನ್ಯಾಸದಲ್ಲಿ ಕಾಲು ಭಾಗವನ್ನಷ್ಟೇ ಬರೆದಿರುತ್ತಾರೆ. ನೇಯುವವರು ಅದನ್ನು ಬಲದಿಂದ ಎಡಕ್ಕೆ ಓದಿ, ಮತ್ತೆ ಎಡದಿಂದ ಬಲಕ್ಕೆ ಓದಿ ಸಾಲು ಪೂರ್ತಿ ಮಾಡುತ್ತಾರೆ. ಅರ್ಧ ಉದ್ದ ಮುಗಿದ ಮೇಲೆ ಅದೇ ಹಾಳೆಯನ್ನು ಮೇಲಿನಿಂದ ಕೆಳಗೆ ಓದುತ್ತಾ ಬರಬೇಕು. ಇದೆಲ್ಲ ಮನಸ್ಸಿನಲ್ಲೇ ನಡೆಯುವ ಲೆಕ್ಕ. ಹಿಂದೆ ಹಲವರು ಒಂದೇ ಮಗ್ಗದಲ್ಲಿ ಕೂತಾಗ ಒಬ್ಬರು ನಕ್ಷೆಯನ್ನು ರಾಗವಾಗಿ ಓದುತ್ತಿದ್ದರಂತೆ. ಎರಡು ಕೆಂಪು, ಒಂದು ಬಿಳಿ, ಮೂರು ನೀಲಿ ಅಂತ. ಉಳಿದವರು ಅದಕ್ಕೆ ದನಿಗೂಡಿಸಿ ಗಂಟು ಹಾಕುತ್ತಿದ್ದರು. ಖಾನುಮ್ ಚಿಕ್ಕವರಿದ್ದಾಗ ಅವರ ಅಜ್ಜಿ ಹೀಗೆ ಓದುತ್ತಿದ್ದರು. ಒಂದು ಮಧ್ಯಾಹ್ನ ನನಗಾಗಿ ನಾಲ್ಕು ಸಾಲು ಹಾಡಿ ತೋರಿಸಿದರು. ನನಗೆ ಅಂಕಿಗಳಷ್ಟೇ ತಿಳಿದವು, ಆದರೆ ಆ ನಾಲ್ಕು ಸಾಲಿಗೆ ನನ್ನ ಕೈ ಎಂದಿಗಿಂತ ಸಲೀಸಾಗಿ ಓಡಿತು.

ಅವರು ನನ್ನ ಕೆಲಸ ನೋಡುತ್ತಿದ್ದ ರೀತಿ ಬೇರೆ. ಮುಂದಿನಿಂದ ನೋಡುತ್ತಲೇ ಇರಲಿಲ್ಲ. ಎದ್ದು ಚೌಕಟ್ಟಿನ ಹಿಂದೆ ಹೋಗಿ, ದೀಪ ಹಿಡಿದು, ಹಿಂಬದಿಯ ಮೇಲೆ ಉಗುರು ಆಡಿಸುತ್ತಿದ್ದರು. ಮುಂದೆ ಬಣ್ಣ ಕಣ್ಣನ್ನು ಸೆಳೆದು ಬಿಡುತ್ತದೆ, ಹಿಂದೆ ಗಂಟುಗಳು ಬೆತ್ತಲೆ ಕಾಣುತ್ತವೆ. ಎಲ್ಲಿ ಸಾಲು ಏರಿದೆ, ಎಲ್ಲಿ ಹೊಕ್ಕು ಸಡಿಲವಾಗಿದೆ, ಎಲ್ಲಿ ಎರಡು ಎಳೆಗೆ ಹಾಕಬೇಕಾದ ಗಂಟನ್ನು ನಾಲ್ಕು ಎಳೆಗೆ ಹಾಕಿ ಕೆಲಸ ಉಳಿಸಿದ್ದಾರೆ, ಎಲ್ಲವೂ ಗೊತ್ತಾಗುತ್ತದೆ. ಆ ಕೊನೆಯದಕ್ಕೆ ಜುಫ್ತಿ ಅನ್ನುತ್ತಾರೆ. ಅರ್ಧ ದಿನದಲ್ಲಿ ಒಂದು ದಿನದ ಅಗಲ ಮುಗಿಯುತ್ತದೆ. ಗಂಬಳಿ ಮೊದಲ ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಆದರೆ ಉಣ್ಣೆ ವಿರಳವಾಗಿ ಬೇಗ ಸವೆಯುತ್ತದೆ. ಕಾಶಾನ್ ಗಂಬಳಿಯ ಹಿಂಬದಿಯಲ್ಲಿ ಎಷ್ಟೋ ಸಲ ನೀಲಿ ಹೊಕ್ಕು ಇಣುಕುತ್ತದೆ. ಅಂಗಡಿಯವರು ಊರು ಗುರುತಿಸುವಾಗ ಅದನ್ನೂ ನೋಡುತ್ತಾರೆ.

ಗಂಬಳಿಯ ನಿಜವಾದ ಚಂದ ಇರುವುದು ಈ ಹಿಂಬದಿಯಲ್ಲೇ ಅಂತ ನನಗೆ ಅನಿಸಿದೆ. ಮುಂದಿನ ಹೂ ಬಳ್ಳಿಗಳನ್ನು ಕಾಗದದ ಮೇಲೆ ಬರೆದವರು ಬೇರೆ ಯಾರೋ. ಹಿಂದೆ ಕಾಣುವ ಸಮ, ಆ ಸಾಲು ಸಾಲು ಶಿಸ್ತು, ಅದು ಪೂರ್ತಿ ನೇಯ್ದವಳದು.

ನಕ್ಷೆಯ ಬಗ್ಗೆ ಒಂದು ಮಾತು ನಮ್ಮಲ್ಲೂ ಓಡಾಡುತ್ತದೆ. ಪರ್ಷಿಯನ್ ನೇಕಾರರು ಬೇಕೆಂದೇ ಒಂದು ತಪ್ಪು ಬಿಡುತ್ತಾರೆ, ದೇವರೊಬ್ಬನೇ ಪರಿಪೂರ್ಣ ಅಂತ ತೋರಿಸಲು. ನಾನು ಕೇಳಿದೆ. ಖಾನುಮ್ ಗಂಭೀರವಾಗಿಯೇ ಉತ್ತರ ಕೊಟ್ಟರು. ಲಕ್ಷಗಟ್ಟಲೆ ಗಂಟಿನಲ್ಲಿ ತಪ್ಪು ತಾನಾಗಿಯೇ ಬರುತ್ತದೆ, ಬೇಕೆಂದು ಹಾಕುವ ಅಗತ್ಯ ತಮಗೆಂದೂ ಬಂದಿಲ್ಲ ಅಂದರು. ಮಾರುವವರ ಬಾಯಲ್ಲಿ ಈ ಕಥೆ ಚೆನ್ನಾಗಿ ಕೇಳಿಸುತ್ತದೆ. ನೇಯುವವಳ ಶ್ರದ್ಧೆಗೆ ಅದು ನ್ಯಾಯ ಮಾಡುವುದಿಲ್ಲ.

ಬಣ್ಣ ಹಾಕುವವರ ಹತ್ತಿರ ಒಂದು ಪೂರ್ತಿ ದಿನ ಕಳೆದೆ. ಕೆಂಪಿಗೆ ರುನಾಸ್ ಬೇರು, ನಮ್ಮ ಮಂಜಿಷ್ಠದ ಅದೇ ಕುಟುಂಬದ ಗಿಡ. ಉಣ್ಣೆಯನ್ನು ಮೊದಲು ಪಟಿಕದ ನೀರಿನಲ್ಲಿ ಕುದಿಸುತ್ತಾರೆ, ಬಣ್ಣ ಕಚ್ಚಿಕೊಳ್ಳಲಿ ಅಂತ. ಆಮೇಲೆ ಬೇರಿನ ನೀರಿಗೆ ಹಾಕುತ್ತಾರೆ. ಅದು ಮಾತ್ರ ಕುದಿಯಬಾರದು. ಕುದಿದರೆ ಕೆಂಪು ಕಂದಿ ಕಂದು ಬಣ್ಣಕ್ಕೆ ಹೋಗುತ್ತದೆ. ಅದಕ್ಕೇ ಅವರು ಬೆಂಕಿ ಬಿಟ್ಟು ಎದ್ದು ಹೋಗುತ್ತಲೇ ಇರಲಿಲ್ಲ. ದಾಳಿಂಬೆಯ ಸಿಪ್ಪೆಯಿಂದ ಹಳದಿ, ಅಕ್ರೋಟಿನ ಹಸಿ ಸಿಪ್ಪೆಯಿಂದ ಕಂದು. ನೀಲಿಗೆ ಇಂಡಿಗೊ. ಅದರ ತೊಟ್ಟಿಯಿಂದ ಉಣ್ಣೆ ಎತ್ತಿದಾಗ ಹಸಿರು ಮಿಶ್ರಿತ ಹಳದಿ ಇರುತ್ತದೆ, ಗಾಳಿ ತಾಗಿದ ಹಾಗೆ ಕಣ್ಣ ಮುಂದೆಯೇ ನೀಲಿಯಾಗುತ್ತದೆ. ಹಸಿರಿಗೆ ಬೇರೆ ಗಿಡ ಇಲ್ಲ. ಹಳದಿ, ನೀಲಿ ಎರಡರಲ್ಲೂ ಅದ್ದಬೇಕು. ಕಪ್ಪಿಗೆ ಕಬ್ಬಿಣ ಸೇರಿಸುತ್ತಿದ್ದರು, ಅದು ಉಣ್ಣೆಯನ್ನು ನಿಧಾನಕ್ಕೆ ತಿನ್ನುತ್ತದೆ. ಹಳೆಯ ಗಂಬಳಿಗಳ ಮೇಲೆ ಕೈಯಾಡಿಸಿದರೆ ಹೂವಿನ ಸುತ್ತಲಿನ ಕಪ್ಪು ಗೆರೆ ತಗ್ಗಾಗಿ, ಹೂ ಮಾತ್ರ ಉಬ್ಬಿ ನಿಂತಿರುತ್ತದೆ. ಕಾಲ ಮಾಡಿದ ಕೆತ್ತನೆ ಅದು.

19ನೇ ಶತಮಾನದಲ್ಲಿ ಅನಿಲೀನ್ ಅನ್ನುವ ಕೃತಕ ಬಣ್ಣಗಳು ಬಂದು ಈ ಕಸುಬನ್ನು ಬಹಳ ಕೆಡಿಸಿದವು. ಬಿಸಿಲಿಗೆ ಬೇಗ ಮಾಸುತ್ತಿದ್ದವು, ನೀರಿಗೆ ಹರಿಯುತ್ತಿದ್ದವು. ಇರಾನಿನ ದೊರೆ ನಾಸಿರುದ್ದೀನ್ ಷಾ 1882ರಲ್ಲಿ ಅವುಗಳ ಆಮದನ್ನೇ ನಿಷೇಧಿಸಿದರು. ಈಗ ಬಳಸುವ ಕ್ರೋಮ್ ಬಣ್ಣಗಳು ಗಟ್ಟಿ, ಅವನ್ನು ಕೀಳಾಗಿ ನೋಡಬೇಕಿಲ್ಲ. ಆದರೆ ಬೇರಿನ ಕೆಂಪಿನಲ್ಲಿ ಒಂದು ವಿಶೇಷ ಇದೆ. ಒಂದೊಂದು ಹಂಡೆಯದೂ ಸ್ವಲ್ಪ ಬೇರೆ. ಗಂಬಳಿಯ ನಡುವೆ ಹೊಸ ಹಂಡೆಯ ಉಣ್ಣೆ ಬಂದಾಗ ಬಣ್ಣ ಮೆಲ್ಲಗೆ ಪಲ್ಲಟವಾಗುತ್ತದೆ. ಅದನ್ನು ಅಬ್ರಶ್ ಅನ್ನುತ್ತಾರೆ. ಊರಿನ ಕಾರ್ಖಾನೆಗೆ ಅದು ದೋಷ. ಹಳ್ಳಿಯ ಗಂಬಳಿಗೆ, ಬುಡಕಟ್ಟಿನವರ ಗಂಬಳಿಗೆ ಅದೇ ಜೀವ.

ಖಾನುಮ್ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಒಂದು ಚಿತ್ರ ಇತ್ತು. ಅರ್ದಬೀಲ್ ಗಂಬಳಿ. 10.5 ಮೀಟರ್ ಉದ್ದ, 5.3 ಮೀಟರ್ ಅಗಲ, ಸುಮಾರು ಎರಡೂವರೆ ಕೋಟಿ ಗಂಟು. ಅದರ ಒಂದು ತುದಿಯಲ್ಲಿ ಮಕ್ಸೂದ್ ಕಾಶಾನಿ ಅನ್ನುವ ಹೆಸರು, ಹಿಜರಿ 946 ಅನ್ನುವ ವರ್ಷ ನೇಯ್ದಿದ್ದಾರೆ. ಅಂದರೆ 1539-40. 1893ರಲ್ಲಿ ಲಂಡನ್ನಿನ ಈಗಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಅದನ್ನು 2,000 ಪೌಂಡಿಗೆ ಕೊಂಡುಕೊಂಡಿತು. ಬಣ್ಣ ಮಾಸಬಾರದು ಅಂತ ಅಲ್ಲಿ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ಇದರ ಜೋಡಿ ಗಂಬಳಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿದೆ, ಅಂಚಿಲ್ಲದೆ. ಒಂದನ್ನು ಪೂರ್ತಿ ಮಾಡಲು ಇನ್ನೊಂದರ ತುಂಡು ತೆಗೆದು ತೇಪೆ ಹಾಕಿದ್ದರು. ಖಾನುಮ್ ಎರಡನ್ನೂ ನೋಡಿಲ್ಲ, ನೋಡುವ ಸಾಧ್ಯತೆಯೂ ಕಡಿಮೆ. ಆದರೆ ಕಾಶಾನಿ ಅನ್ನುವ ಆ ಹೆಸರನ್ನು ಬೆರಳಿಟ್ಟು ತೋರಿಸುವಾಗ, ತಮ್ಮ ಓಣಿಯವರೊಬ್ಬರ ಬಗ್ಗೆ ಹೇಳುವ ಹಾಗೆ ಹೇಳಿದರು.

ಅದೇ ಚಿತ್ರದ ಕೆಳಗೆ ಕೂತು ನಾವು ಲೆಕ್ಕ ಹಾಕಿದೆವು. ಅವರ ಗಂಬಳಿಯಲ್ಲಿ ಒಂದು ಸೆಂಟಿಮೀಟರಿಗೆ ಅಡ್ಡ 6, ಉದ್ದ 6 ಗಂಟು. ಚದರ ಸೆಂಟಿಮೀಟರಿಗೆ 36. ಚದರ ಮೀಟರಿಗೆ 3,60,000. ಆರು ಚದರ ಮೀಟರಿಗೆ 21,60,000. ಪಳಗಿದ ಕೈ ದಿನಕ್ಕೆ 8,000 ಗಂಟು ಹಾಕಿದರೂ 270 ದಿನ. ಮನೆಯ ಅಡುಗೆ, ಹಬ್ಬ, ಕಾಯಿಲೆ, ನೆಂಟರು ಎಲ್ಲ ಸೇರಿದರೆ ಒಂದೂವರೆ ವರ್ಷ ಅಂದರು. ಬೆನ್ನು, ಕುತ್ತಿಗೆ, ಕಣ್ಣು ಮೂರೂ ಇದಕ್ಕೆ ಹೋಗುತ್ತವೆ. ಹಿಂದೆ ಸಣ್ಣ ಬೆರಳು ಬೇಕು ಅಂತ ಮಕ್ಕಳನ್ನು ಮಗ್ಗಕ್ಕೆ ಕೂರಿಸುತ್ತಿದ್ದರು. ಮ್ಯೂಸಿಯಮ್ಮಿನ ಎಷ್ಟೋ ಸುಂದರ ಗಂಬಳಿಗಳ ಹಿಂದೆ ಅದೂ ಇದೆ. ಅದನ್ನು ಮರೆತು ಬರೀ ಚಂದವನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಗಂಟಿನ ಸಂಖ್ಯೆಯೇ ಎಲ್ಲ ಅಂತಲೂ ಅಲ್ಲ. ಕೊಳ್ಳುವವರು ಮೊದಲು ಕೇಳುವುದು ಅದನ್ನೇ, ಮಾರುವವರೂ ಅದನ್ನೇ ಹೇಳುತ್ತಾರೆ. ಆದರೆ ಫಾರ್ಸ್ ಪ್ರಾಂತ್ಯದ ಕಶ್ಕಾಯಿ ಅಲೆಮಾರಿಗಳ ಗಬ್ಬೆ ನೋಡಿ. ದಪ್ಪ ಗಂಟು, ಉದ್ದ ಉಣ್ಣೆ, ಕಾಗದದ ನಕ್ಷೆಯೇ ಇಲ್ಲ. ಒಂದು ಮೂಲೆಯಲ್ಲಿ ಮೇಕೆ, ಒಂದು ಮೂಲೆಯಲ್ಲಿ ಮರ, ನೇಯುವವಳಿಗೆ ಅನ್ನಿಸಿದ ಹಾಗೆ. ಕಾಶಾನ್‌ನ ಅಂಗಡಿಯಲ್ಲಿ ಅಂಥದ್ದೊಂದು ಬಿಡಿಸಿದಾಗ ನಾನು ಅದರಿಂದ ಕಣ್ಣು ತೆಗೆಯಲಿಲ್ಲ.

ಬಜಾರಿನಲ್ಲಿ ಅಮೀನುದ್ದೌಲೆ ತೀಮ್ಚೆ ಅಂತ ಕಮಾನು ಛಾವಣಿಯ ಅಂಗಳ ಇದೆ. 19ನೇ ಶತಮಾನದ ಕಟ್ಟಡ. ಅಲ್ಲಿ ಗಂಬಳಿಗಳನ್ನು ತೂಗು ಹಾಕಿರುತ್ತಾರೆ. ಆದರೆ ಊರಿನ ಹೊರಗೆ ಹೋದರೆ ಬೇರೆಯದೇ ನೋಟ. ಕಾಶಾನ್, ಪಕ್ಕದ ಆರಾನ್ ಬಿದ್ಗೋಲ್ ಎರಡೂ ಈಗ ಯಂತ್ರದ ಗಂಬಳಿಯ ದೊಡ್ಡ ಕೇಂದ್ರಗಳು. 700 ಶಾನೆ, 1200 ಶಾನೆ ಅಂತ ಬೋರ್ಡು. ಅಗಲದಲ್ಲಿ ನೇಯ್ಗೆ ಎಷ್ಟು ದಟ್ಟ ಅನ್ನುವ ಲೆಕ್ಕ ಅದು. ನಕ್ಷೆ ಅದೇ ತೊರಂಜ್, ಅದೇ ಹೂವು. ಉಣ್ಣೆಯ ಬದಲು ಅಕ್ರಿಲಿಕ್. ಖಾನುಮ್ ಅವರ ಮಗಳ ಮನೆಯಲ್ಲೂ ಹಾಸಿರುವುದು ಅಂಥದ್ದೇ. ಕೈಗಂಬಳಿ ಕೊಳ್ಳುವ ಶಕ್ತಿ ಅವರಿಗಿಲ್ಲ. ಪವರ್‌ಲೂಮಿನ ಸೀರೆ ಇಳಕಲ್ ಹೆಸರಿನಲ್ಲಿ ಮಾರಾಟವಾಗುವುದನ್ನು ನೋಡಿ ಬೆಳೆದ ನನಗೆ ಆ ನೋವು ಹೊಸದೇನಲ್ಲ.

ಕೊಳ್ಳುವವರು ಯಂತ್ರದ್ದನ್ನೂ ಕೈಯದನ್ನೂ ಬೇರೆ ಮಾಡುವುದು ಕಷ್ಟವಲ್ಲ. ಕೈಗಂಬಳಿಯ ಕುಚ್ಚು ಅಂದರೆ ಹಾಸಿನ ಎಳೆಗಳೇ, ಗಂಬಳಿಯೊಳಗಿಂದ ಹೊರಬಂದಿರುತ್ತವೆ. ಯಂತ್ರದ್ದಕ್ಕೆ ಕುಚ್ಚನ್ನು ಬೇರೆಯಾಗಿ ಹೊಲಿದಿರುವುದೇ ಹೆಚ್ಚು. ಹಿಂಬದಿ ಮಗುಚಿ ನೋಡಿ. ನಕ್ಷೆ ಮುಂದಿನಷ್ಟೇ ಸ್ಪಷ್ಟವಾಗಿ ಕಾಣಬೇಕು, ಸಾಲುಗಳು ಅಲ್ಲಲ್ಲಿ ಸ್ವಲ್ಪ ಅಲುಗಿರಬೇಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಹತ್ತಿದರೆ ಬಿಟ್ಟುಬಿಡಿ. ನೆಲದ ಮೇಲೆ ಹಾಸಿಸಿ, ನಾಲ್ಕೂ ಕಡೆಯಿಂದ ನಡೆದು ನೋಡಿ. ಉಣ್ಣೆ ಒಂದು ಕಡೆಗೆ ಮಲಗಿರುವುದರಿಂದ ಒಂದು ತುದಿಯಿಂದ ತಿಳಿಯಾಗಿ, ಇನ್ನೊಂದು ತುದಿಯಿಂದ ಗಾಢವಾಗಿ ಕಾಣುತ್ತದೆ.

ವ್ಯಾಪಾರ ಮೊದಲಿನಂತಿಲ್ಲ. 2018ರಲ್ಲಿ ಅಮೆರಿಕ ನಿರ್ಬಂಧಗಳನ್ನು ಮತ್ತೆ ಹೇರಿದ ಮೇಲೆ ಅಲ್ಲಿಯ ಮಾರುಕಟ್ಟೆ ಮುಚ್ಚಿತು. ಅತಿ ಹೆಚ್ಚು ಕೊಳ್ಳುತ್ತಿದ್ದವರಲ್ಲಿ ಅವರೂ ಒಬ್ಬರು. ಖಾನುಮ್ ಓಣಿಯಲ್ಲಿ ಹಣಿಗೆಯ ಸದ್ದು ಕಡಿಮೆಯಾಗುತ್ತಾ ಬಂದಿದೆ. ಅವರ ಮಗಳು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಗಂಟು ಬರುತ್ತದೆ, ಹಾಕುವುದಿಲ್ಲ. "ಅವಳ ಬೆನ್ನು ಚೆನ್ನಾಗಿರಲಿ" ಅಂದರು ಖಾನುಮ್. ಅದಕ್ಕೆ ನಾನು ಏನು ಹೇಳಲಿ? ನನ್ನ ಅಪ್ಪನೂ ನನ್ನನ್ನು ಮಗ್ಗಕ್ಕೆ ಕೂರಿಸಲಿಲ್ಲ.

ನನ್ನ ಸಣ್ಣ ಗಂಬಳಿ ಮುಗಿಯುವ ಹೊತ್ತಿಗೆ ನೌರೂಜ್ ಹತ್ತಿರ ಬಂದಿತ್ತು. ಹೊಸ ವರ್ಷಕ್ಕೆ ಮೊದಲು ಇಡೀ ಮನೆ ತೊಳೆಯುವುದು ಅಲ್ಲಿಯ ಪದ್ಧತಿ. ನೆಲದ ಗಂಬಳಿಗಳೆಲ್ಲ ಅಂಗಳಕ್ಕೆ ಬರುತ್ತವೆ. ನೀರು, ಸೋಪು, ಉದ್ದ ಹಿಡಿಯ ಪೊರಕೆ. ಆಮೇಲೆ ಮಾಳಿಗೆಯ ಅಂಚಿನಿಂದ ಇಳಿಬಿಡುತ್ತಾರೆ. ಒಂದು ವಾರ ಊರು ತುಂಬ ಗೋಡೆಗಳ ಮೇಲೆ ಕೆಂಪು, ನೀಲಿ. ಅಜ್ಜಿಯ ಕಾಲದ ಗಂಬಳಿಯನ್ನು ಮಕ್ಕಳು ಬರಿಗಾಲಲ್ಲಿ ತುಳಿದು ತೊಳೆಯುತ್ತಿದ್ದರು. ನಮ್ಮಲ್ಲಾದರೆ ಅಂಥದ್ದನ್ನು ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದೆವು. ಒಳ್ಳೆಯ ಉಣ್ಣೆ ತುಳಿದಷ್ಟೂ ಹೊಳಪು ಪಡೆಯುತ್ತದೆ ಅನ್ನುತ್ತಾರೆ ಅವರು. ಖಾನುಮ್ ಮನೆಯ ಹಳೆಯ ಗಂಬಳಿಯ ಮೇಲೆ ಕೂತಾಗ ನನಗೂ ಅದು ನಿಜ ಅನಿಸಿತು.

ಮಗ್ಗದಿಂದ ಇಳಿಸುವ ದಿನ ಮತ್ತೆ ಸಾದಾ ನೇಯ್ಗೆ ಹಾಕಿ ಮೇಲಿನ ಅಂಚು ಕಟ್ಟಿದೆವು. ಹಾಸು ಕತ್ತರಿಸಿ, ಎಳೆಗಳನ್ನು ಗಂಟು ಹಾಕಿ ಕುಚ್ಚು ಮಾಡಿದೆವು. ಉಣ್ಣೆ ಆಗಿನ್ನೂ ಮಂಕಾಗಿ, ಒರಟಾಗಿತ್ತು. ನಕ್ಷೆ ಮಸುಕಾಗಿತ್ತು. ಪರ್ದಾಖ್ತ್ ಮಾಡುವವರ ಹತ್ತಿರ ಕೊಟ್ಟೆವು. ಅವರು ಮೇಲ್ಮೈಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿದಾಗ ಒಂದೊಂದು ಗೆರೆಯೂ ಎದ್ದು ಬಂತು. ಅಷ್ಟು ದಿನ ನಾನು ಹಾಕಿದ್ದು ಹೂವು ಅಂತ ನನಗೆ ಆಗಲೇ ಕಂಡದ್ದು.

ಈಗ ಇಳಕಲ್ಲಿನ ಮನೆಯಲ್ಲಿ ಒಂದು ನಿಂತ ಮಗ್ಗ ಇದೆ. ಬಡಿಗೇರರು ಬೇವಿನ ಮರದಲ್ಲಿ ಮಾಡಿಕೊಟ್ಟರು. ಹಾಸು ಬಿಗಿ ಮಾಡಲು ಎರಡು ಕಡೆ ತಿರುಪು ಇದೆ. ಹಣಿಗೆಯನ್ನು ಕಾಶಾನ್‌ನಿಂದಲೇ ತಂದೆ. ಹತ್ತಿ ನೂಲಿಗೆ ನಮ್ಮೂರಲ್ಲಿ ಕೊರತೆ ಇಲ್ಲ. ಉಣ್ಣೆಯದೇ ತೊಂದರೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಕುರುಬರ ಕಂಬಳಿಗೆ ಹೇಳಿ ಮಾಡಿಸಿದ್ದು, ಗಂಟಿಗೆ ಅದು ಬಹಳ ಒರಟು. ಆದ್ದರಿಂದ ಉತ್ತರಪ್ರದೇಶದ ಭದೋಹಿಯಿಂದ ನೂಲು ತರಿಸುತ್ತೇನೆ. ಅದು ಗಂಬಳಿ ನೇಯುವವರದೇ ಊರು. ಕೆಂಪಿಗೆ ಆಯುರ್ವೇದ ಅಂಗಡಿಯ ಮಂಜಿಷ್ಠ. ಬಣ್ಣ ಕಾಶಾನ್‌ನ ಕೆಂಪಿಗಿಂತ ಸ್ವಲ್ಪ ಕಿತ್ತಳೆಯ ಕಡೆಗೆ ವಾಲಿದೆ, ನನಗೆ ಇಷ್ಟವಾಗಿದೆ. ಗುಳೇದಗುಡ್ಡದಿಂದ ಖಣ ನೇಯುವವರ ಮನೆಯ ಹುಡುಗಿಯೊಬ್ಬಳು ಭಾನುವಾರ ಕಲಿಯಲು ಬರುತ್ತಾಳೆ. ಅವಳ ಬೆರಳು ನನ್ನದಕ್ಕಿಂತ ಚುರುಕು. ಅಂಚಿನ ಮೊದಲ ಹೂವಿನ ಅರ್ಧಕ್ಕೆ ಬಂದಿದ್ದೇವೆ. ಮಳೆಗಾಲ ಮುಗಿಯುವುದರೊಳಗೆ ನಡುವಿನ ನೀಲಿ ಶುರು ಮಾಡಬೇಕು.